ಕಣ್ಣೊಂದನ್ನೇ ನಂಬಬೇಡಿ: ವರ್ಣನೆಯಲ್ಲಿ ಇಂದ್ರಿಯ ವಿವರ ಬಳಸುವ ಕ್ರಮ

ಕಥೆ, ಪ್ರಬಂಧ, ಪ್ರವಾಸ ಲೇಖನ ಬರೆಯಲು ತೊಡಗಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ‘ಕಣ್ಣಿಗೆ ಕಟ್ಟುವಂತೆ ಬರೆಯಿರಿ ಅಂತಾರೆ. ನಾನು ಒಂದನ್ನೂ ಬಿಡದೆ ಬರೆದಿದ್ದೇನೆ. ಆದರೂ ಓದಿದವರಿಗೆ ಏನೂ ಕಾಣುತ್ತಿಲ್ಲ. ಏನು ತಪ್ಪು?’

ಬಹುಪಾಲು ಇಂಥ ಬರಹಗಳಲ್ಲಿ ವಿವರ ಕಡಿಮೆ ಇರುವುದಿಲ್ಲ. ಗೋಡೆಯ ಬಣ್ಣ, ಕಿಟಕಿಯ ಸಂಖ್ಯೆ, ಮೇಜಿನ ಅಳತೆ ಎಲ್ಲ ಇರುತ್ತದೆ. ಆ ಕೋಣೆಯಲ್ಲಿ ನಿಂತಿರುವ ಒಂದು ಮೈ ಮಾತ್ರ ಇರುವುದಿಲ್ಲ. ಸೆಖೆಗೆ ಅಂಗಿ ಬೆನ್ನಿಗಂಟುವುದು, ಕತ್ತಲಲ್ಲಿ ಮೊಣಕಾಲು ಮೇಜಿಗೆ ತಾಗುವುದು ಯಾರಿಗೂ ಆಗಿರುವುದಿಲ್ಲ. ಇಂದ್ರಿಯ ವಿವರ ಯಾವಾಗಲೂ ಒಬ್ಬರ ಮೈಗೆ ಸೇರಿದ್ದು. ಕೆಳಗಿನ ಹಂತಗಳೆಲ್ಲ ಆ ಮೈಯನ್ನು ಬರಹದೊಳಗೆ ತರುವ ಉಪಾಯಗಳು.

ಮೊದಲು ಪದದ ಅರ್ಥ. ಕಂಡದ್ದು, ಕೇಳಿದ್ದು, ಮೂಸಿದ್ದು, ಮುಟ್ಟಿದ್ದು, ನಾಲಿಗೆಗೆ ತಾಗಿದ್ದು ಇಂದ್ರಿಯ ವಿವರ. ‘ಧೂಳು ಕೂತು ಬೆಳಕು ಹಾಯದ ಕಿಟಕಿ’ ಇಂದ್ರಿಯ ವಿವರ. ‘ನಿರ್ಲಕ್ಷ್ಯಕ್ಕೆ ಒಳಗಾದ ಮನೆ’ ಹಾಗಲ್ಲ, ಅದು ಬರೆದವರ ತೀರ್ಪು.

ಬೇಕಾಗುವುದು

ನೀವೇ ಬರೆದ, ಆದರೆ ನಿಮಗೇ ಸಮಾಧಾನ ಕೊಡದ ಒಂದು ಪ್ಯಾರಾ ಆರಿಸಿಕೊಳ್ಳಿ. 80ರಿಂದ 120 ಪದ ಇದ್ದರೆ ಸಾಕು. ಹೊಸದಾಗಿ ಬರೆಯುತ್ತಾ ಕಲಿಯುವುದಕ್ಕಿಂತ ಹಳೆಯದನ್ನು ತಿದ್ದುತ್ತಾ ಕಲಿಯುವುದು ಸುಲಭ. ಖಾಲಿ ಹಾಳೆ, ಎರಡು ಬಣ್ಣದ ಪೆನ್ನು, ಒಂದು ಟೈಮರ್, ಒಂದೂವರೆ ಗಂಟೆ ಬಿಡುವು ಬೇಕು. ನಿಘಂಟನ್ನು ಸದ್ಯಕ್ಕೆ ದೂರ ಇಡಿ. ಅದಕ್ಕೆ ಐದನೆಯ ಹಂತದಲ್ಲಿ ಕೆಲಸವಿದೆ.

ಅಭ್ಯಾಸಕ್ಕೆ ಒಂದು ಮಾದರಿ ಇಟ್ಟುಕೊಳ್ಳೋಣ. ಅಪ್ಪ ತೀರಿಕೊಂಡು ಆರು ತಿಂಗಳಾದ ಮೇಲೆ ಮಗಳು ಬೀಗ ಹಾಕಿದ ಮನೆಗೆ ಬಂದಿದ್ದಾಳೆ.

‘ಬಾಗಿಲು ತೆರೆದಾಗ ಅವಳಿಗೆ ಕೆಟ್ಟ ವಾಸನೆ ಬಂತು. ಒಳಗೆ ತುಂಬಾ ಕತ್ತಲಿತ್ತು. ಎಲ್ಲೆಡೆ ಧೂಳಿತ್ತು. ಮನೆಯಲ್ಲಿ ಭಯಾನಕ ನಿಶ್ಶಬ್ದವಿತ್ತು. ಅವಳಿಗೆ ತುಂಬಾ ದುಃಖವಾಯಿತು.’

ಇಲ್ಲಿ ವ್ಯಾಕರಣದ ತಪ್ಪಿಲ್ಲ. ಆದರೆ ಈ ಐದು ವಾಕ್ಯಗಳನ್ನು ಮುಚ್ಚಿದ ಯಾವ ಮನೆಗಾದರೂ, ಯಾವ ಮಗಳಿಗಾದರೂ ಅಂಟಿಸಬಹುದು.

ಹಂತ 1: ಯಾರ ಮೈ ಎಂದು ಗೊತ್ತುಮಾಡಿ

ಹಾಳೆಯ ಮೇಲೆ ಮೂರು ಪ್ರಶ್ನೆಗೆ ಒಂದೊಂದು ಸಾಲಿನ ಉತ್ತರ ಬರೆಯಿರಿ. ಇದನ್ನು ಅನುಭವಿಸುತ್ತಿರುವವರು ಯಾರು? ಅವರು ಅಲ್ಲಿಗೆ ಬಂದದ್ದು ಯಾಕೆ? ಈ ಗಳಿಗೆಯಲ್ಲಿ ಅವರ ಮೈ ಯಾವ ಸ್ಥಿತಿಯಲ್ಲಿದೆ: ದಣಿವೋ, ಹಸಿವೋ, ಅವಸರವೋ, ನೆಗಡಿಯೋ?

ಬಾಡಿಗೆಗೆ ಮನೆ ನೋಡಲು ಬಂದವನಿಗೆ ಗೋಡೆಯ ಒದ್ದೆ ಕಲೆ ಮೊದಲು ಕಾಣುತ್ತದೆ. ಕಳ್ಳನಿಗೆ ತನ್ನ ಉಸಿರಿನ ಸದ್ದೇ ದೊಡ್ಡದಾಗಿ ಕೇಳುತ್ತದೆ. ಮಗುವಿನ ಕಣ್ಣು ಮೇಜಿನ ಅಡಿಭಾಗದ ಎತ್ತರದಲ್ಲಿರುತ್ತದೆ. ಮನೆ ಒಂದೇ ಆದರೂ ಪಟ್ಟಿ ಬೇರೆ ಬೇರೆ. ಈ ಹಂತ ಬಿಟ್ಟರೆ ಮುಂದಿನ ಎಲ್ಲ ಶ್ರಮ ಅಲಂಕಾರಕ್ಕೆ ಖರ್ಚಾಗುತ್ತದೆ.

ಹಂತ 2: ಹತ್ತು ನಿಮಿಷ, ಇಪ್ಪತ್ತು ವಿವರ

ಟೈಮರ್ 10 ನಿಮಿಷಕ್ಕೆ ಇಡಿ. ಕಣ್ಣು ಮುಚ್ಚಿ ಆ ಜಾಗದಲ್ಲಿ ನಿಂತಂತೆ ಊಹಿಸಿ, ತೋಚಿದ್ದನ್ನೆಲ್ಲ ಬಿಡಿ ಪದಗಳಲ್ಲಿ ಗೀಚಿ. ಕನಿಷ್ಠ 20 ಆಗಬೇಕು. ಒಂದೇ ಷರತ್ತು: ಮೊದಲ ಐದು ನಿಮಿಷ ಕಣ್ಣಿಗೆ ಕಾಣುವ ಯಾವುದನ್ನೂ ಬರೆಯುವ ಹಾಗಿಲ್ಲ. ಇದು ತೀರಾ ಕೃತಕ ನಿಯಮ ಎನ್ನಿಸಬಹುದು, ಹೌದು. ಆದರೆ ಕಣ್ಣಿಗೆ ಬಿಟ್ಟುಕೊಟ್ಟರೆ ಅದು ಪೂರ್ತಿ ಹಾಳೆಯನ್ನು ತಿಂದುಹಾಕುತ್ತದೆ.

ಐದು ಇಂದ್ರಿಯಕ್ಕೇ ನಿಲ್ಲಬೇಡಿ. ಬಿಸಿ-ತಂಪು ತಿಳಿಯುವುದು, ಮೈ ವಾಲಿದ್ದು ಗೊತ್ತಾಗುವುದು, ಕಣ್ಣು ಮುಚ್ಚಿದರೂ ಕೈಕಾಲು ಎಲ್ಲಿದೆ ಎಂಬ ಅರಿವು, ಒಳಗಿನ ಹಸಿವು-ಬಾಯಾರಿಕೆ ಎಲ್ಲವೂ ಬರಹಕ್ಕೆ ಒದಗುವ ಸಂವೇದನೆಗಳು. ಈ ಒಳಗಿನ ಅನುಭವಕ್ಕೆ ಕನ್ನಡ ಭಂಡಾರವನ್ನೇ ಇಟ್ಟುಕೊಂಡಿದೆ: ಕಾಲು ಜೋಮು ಹಿಡಿಯುತ್ತದೆ, ಹೊಟ್ಟೆ ತೊಳಸುತ್ತದೆ, ಗಂಟಲು ಕಟ್ಟುತ್ತದೆ, ಕಣ್ಣು ಕತ್ತಲಿಡುತ್ತದೆ, ಕಿವಿ ಗುಂಯ್‌ಗುಡುತ್ತದೆ, ಮೈ ಜುಮ್ಮೆನ್ನುತ್ತದೆ. ಹೊಸಬರ ಬರಹದಲ್ಲಿ ಇವು ಅಚ್ಚರಿಪಡುವಷ್ಟು ಕಡಿಮೆ.

ಎಚ್ಚರಿಕೆ: ಪಟ್ಟಿಯ ಮೊದಲ ಐದಾರು ವಿವರ ನಿಮ್ಮವಾಗಿರುವುದಿಲ್ಲ. ಮುಚ್ಚಿದ ಮನೆ ಎಂದೊಡನೆ ಜೇಡರ ಬಲೆ, ಮಳೆ ಎಂದೊಡನೆ ಮಣ್ಣಿನ ಘಮ ಎಲ್ಲರಿಗೂ ತೋಚುತ್ತದೆ. ಹನ್ನೆರಡನೆಯದರ ಆಚೆಗೆ ಬರುವುದನ್ನು ಹೆಚ್ಚು ನಂಬಿ.

ಹಂತ 3: ತೀರ್ಪಿನ ಪದಗಳನ್ನು ಒಡೆಯಿರಿ

ಈಗ ಹಳೆಯ ಪ್ಯಾರಾಕ್ಕೆ ಮರಳಿ. ಒಂದು ಬಣ್ಣದಿಂದ ತೀರ್ಪಿನ ಪದಗಳಿಗೆ ಗೆರೆ ಎಳೆಯಿರಿ: ಸುಂದರ, ರಮಣೀಯ, ಮನಮೋಹಕ, ಭಯಾನಕ, ಅದ್ಭುತ, ಕೆಟ್ಟ, ವಿಚಿತ್ರ, ತುಂಬಾ. ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಕೇಳಿ: ‘ಏನನ್ನು ಕಂಡು, ಕೇಳಿ ಹಾಗೆ ಅಂದೆ?’ ಉತ್ತರವನ್ನು ಆ ಪದದ ಜಾಗಕ್ಕೆ ತನ್ನಿ.

‘ಭಯಾನಕ ನಿಶ್ಶಬ್ದ’ ತೆಗೆದುಕೊಳ್ಳಿ. ಮೌನವನ್ನು ಬರೆಯಲು ಸದ್ದು ಬೇಕು. ಎಲ್ಲ ನಿಂತಾಗ ಮಾತ್ರ ಕೇಳುವ ಸಣ್ಣ ಸದ್ದನ್ನು ಹುಡುಕಿ. ನಲ್ಲಿ ತೊಟ್ಟಿಕ್ಕುವುದೋ, ಗೋಡೆ ಗಡಿಯಾರವೋ, ತನ್ನದೇ ಚಪ್ಪಲಿ ಧೂಳಿನ ಮೇಲೆ ಚರಚರ ಎನ್ನುವುದೋ. ಅಥವಾ ಇರಬೇಕಾಗಿದ್ದ ಸದ್ದು ಇಲ್ಲದಿರುವುದನ್ನು ಹೇಳಿ: ನಿಂತ ಗಡಿಯಾರ. ‘ಸೂಜಿ ಬಿದ್ದರೂ ಕೇಳುವಷ್ಟು’ ಎಂದರೆ ಯಾರ ಕಿವಿಗೂ ಏನೂ ಕೇಳುವುದಿಲ್ಲ. ಆ ಸೂಜಿ ಬಿದ್ದು ಬಿದ್ದು ಸವೆದಿದೆ.

ಹಂತ 4: ಇಪ್ಪತ್ತರಿಂದ ಮೂರಕ್ಕೆ

ನೂರು ಪದದ ಪ್ಯಾರಾಕ್ಕೆ ಮೂರು ಬಲವಾದ ವಿವರ ಸಾಕು, ಹೆಚ್ಚೆಂದರೆ ನಾಲ್ಕು. ಒಂದು ವಿವರ ಉಳಿಯಲು ಮೂರರಲ್ಲಿ ಎರಡು ಕೆಲಸವನ್ನಾದರೂ ಮಾಡಬೇಕು: ಜಾಗವನ್ನು ಕಟ್ಟುವುದು, ಆ ವ್ಯಕ್ತಿಯ ಬಗ್ಗೆ ಏನನ್ನಾದರೂ ಹೇಳುವುದು, ಮುಂದೆ ಆಗುವುದಕ್ಕೆ ದಾರಿ ಮಾಡುವುದು. ಧೂಳು ಜಾಗವನ್ನಷ್ಟೇ ಕಟ್ಟುತ್ತದೆ. ಧೂಳಿನಲ್ಲಿ ಊರುಗೋಲಿನ ಗುಂಡು ಗುರುತು ಉಳಿದಿದ್ದರೆ ಅಪ್ಪನೂ ಬಂದ.

ಕೊನೆಗುಳಿದ ಮೂರರಲ್ಲಿ ಒಂದಾದರೂ ಕಣ್ಣಿಗೆ ಸೇರದ್ದಿರಲಿ. ಐದೂ ಇಂದ್ರಿಯ ಬರಲೇಬೇಕೆಂಬ ಹಟ ಬೇಡ. ಶಾಲೆಯ ಅಭ್ಯಾಸದಂತೆ ‘ಕಂಡಿತು, ಕೇಳಿಸಿತು, ಮೂಸಿದೆ, ಮುಟ್ಟಿದೆ, ರುಚಿ ನೋಡಿದೆ’ ಎಂದು ಹಾಜರಿ ಕೂಗುವ ಪ್ಯಾರಾ ಎರಡನೇ ವಾಕ್ಯಕ್ಕೇ ಸಿಕ್ಕಿಬೀಳುತ್ತದೆ.

ಹಂತ 5: ಸರಿಯಾದ ಪದ

ಇಲ್ಲಿ ನಿಧಾನವಾಗಿ ಹೋಗೋಣ. ಕನ್ನಡದಲ್ಲಿ ಬರೆಯುವವರಿಗೆ ಸಿಕ್ಕಿರುವ ಆಸ್ತಿ ಇಲ್ಲೇ ಇದೆ, ಅದನ್ನು ಹಾಳುಮಾಡುವುದೂ ಇಲ್ಲೇ.

ವಾಸನೆ. ‘ಕೆಟ್ಟ ವಾಸನೆ’ ಎಂದು ಬರೆದು ಮುಂದೆ ಹೋಗುವವರೇ ಹೆಚ್ಚು. ಗಾಳಿಯಾಡದ ಬಟ್ಟೆ, ಕಾಗದ, ಕೋಣೆಗೆ ಮುಗ್ಗಲು ವಾಸನೆ. ಹಳಸಿದ ಎಣ್ಣೆ ಕಮಟು. ಮೂಗು-ಗಂಟಲು ಸುಟ್ಟು ಕೆಮ್ಮು ತರಿಸುವುದು ಘಾಟು. ತಳ ಹಿಡಿದದ್ದು ಸೀದ ವಾಸನೆ. ಹೂವಿಗೆ ಕಂಪು, ಚರಂಡಿಗೆ ನಾತ. ಪದ ಸಿಗದಿದ್ದರೆ ವಾಸನೆಯ ಮೂಲವನ್ನೇ ಹೆಸರಿಸಿ: ಒದ್ದೆ ನಾಯಿಯ ವಾಸನೆ, ಹೊಸ ಬಣ್ಣದ ವಾಸನೆ, ಆಗಷ್ಟೇ ನಂದಿಸಿದ ಬತ್ತಿಯ ವಾಸನೆ. ವಿಶೇಷಣಕ್ಕಿಂತ ಮೂಲದ ಹೆಸರೇ ಓದುಗರ ನೆನಪನ್ನು ಬೇಗ ಕೆದಕುತ್ತದೆ. ಇದಕ್ಕೆ ಮೈಯಲ್ಲೇ ಕಾರಣವಿದೆ. ಬೇರೆ ಇಂದ್ರಿಯಗಳ ಸಂಕೇತ ಮಿದುಳಿನ ಥಲಾಮಸ್ ಎಂಬ ನಡುಮನೆಯನ್ನು ಹಾದು ಮುಂದಕ್ಕೆ ಹೋಗುತ್ತದೆ. ವಾಸನೆ ಆ ನಡುಮನೆಯನ್ನು ಹಾಯದೆಯೇ ಭಾವನೆ-ನೆನಪುಗಳ ಭಾಗಗಳನ್ನು ಮುಟ್ಟಬಲ್ಲದು. ಹಿಂದಿನ ಘಟನೆಗೆ ಕಥೆಯನ್ನು ತಿರುಗಿಸಬೇಕಾದಾಗ ವಾಸನೆ ಒಳ್ಳೆಯ ಬಾಗಿಲು.

ಸದ್ದು. ಜುಳುಜುಳು, ಪಟಪಟ, ದಬದಬ ಮುಂತಾದವನ್ನು ವ್ಯಾಕರಣದಲ್ಲಿ ಅನುಕರಣಾವ್ಯಯ ಎನ್ನುತ್ತಾರೆ, ಅಂದರೆ ಕೇಳಿದ ಸದ್ದನ್ನೇ ಅಣಕಿಸಿ ಮಾಡಿದ ಪದ. ಇವುಗಳೊಳಗೆ ಒಂದು ಲೆಕ್ಕಾಚಾರವಿದೆ. ‘ಕಿಣಿಕಿಣಿ’ ಚಿಕ್ಕ ಗೆಜ್ಜೆ, ‘ಗಣಗಣ’ ದೊಡ್ಡ ಗಂಟೆ. ‘ಟಪ್’ ಎಂದು ಬೀಳುವುದು ಹನಿ ಅಥವಾ ಕಾಯಿ, ‘ಧೊಪ್’ ಎಂದು ಬೀಳುವುದು ಮೂಟೆ. ‘ಇ’ಕಾರ ಸದ್ದನ್ನು ಸಣ್ಣದು ಮಾಡುತ್ತದೆ, ಗ-ದ-ಧ-ಢಗಳು ಭಾರ ಹೆಚ್ಚಿಸುತ್ತವೆ. ‘ಟಪ್ಪನೆ’ ಎಂದರೆ ಒಮ್ಮೆ, ‘ಟಪಟಪ’ ಎಂದರೆ ಮೇಲಿಂದ ಮೇಲೆ. ನೀರೊಂದಕ್ಕೇ ಎಷ್ಟು ಬಗೆ ನೋಡಿ: ಕಲ್ಲಿನ ಮೇಲೆ ಹರಿದರೆ ಜುಳುಜುಳು, ಕಿರಿದಾದ ಬಾಯಿಯಿಂದ ಇಳಿದರೆ ಗುಳುಗುಳು, ಬಿಡದೆ ಸುರಿವ ಮಳೆ ಸೋ, ರಭಸ ಹೆಚ್ಚಾದರೆ ಧೋ. ಬರೆಯುವ ಮೊದಲು ಆ ವಸ್ತು ಚಿಕ್ಕದೋ ದೊಡ್ಡದೋ, ಸದ್ದು ಒಮ್ಮೆಯೋ ಹಲವು ಸಲವೋ ಎಂದು ಕೇಳಿಕೊಳ್ಳಿ. ಪದ ತಾನಾಗಿ ಬರುತ್ತದೆ.

ಎಚ್ಚರಿಕೆ: ಒಂದು ಪ್ಯಾರಾಕ್ಕೆ ಒಂದು ಅನುಕರಣ ಪದ, ತೀರಾ ಅಗತ್ಯವಿದ್ದರೆ ಎರಡು. ಮೂರಾದರೆ ಮಕ್ಕಳ ಪದ್ಯದ ಲಯ ಬಂದುಬಿಡುತ್ತದೆ. ಬೇಕಿದ್ದಲ್ಲಿ ಅದನ್ನು ಕ್ರಿಯಾಪದದೊಳಗೆ ಅಡಗಿಸಿ: ಪಿಸುಗುಟ್ಟಿದ, ಗಿಜಿಗುಡುತ್ತಿತ್ತು, ಲೊಚಗುಟ್ಟಿದಳು, ಚುರುಗುಟ್ಟಿತು.

ಸ್ಪರ್ಶ. ‘ಮೃದು’ ಮತ್ತು ‘ಒರಟು’ ಎರಡರಲ್ಲೇ ಮುಗಿಸಬೇಡಿ. ತರಿತರಿ, ನುಣುಪು, ಜಿಗುಟು, ಲೋಳೆ, ಗಡುಸು, ಮೆತ್ತಗೆ, ಪುಡಿಪುಡಿ, ನವೆ, ಉರಿ ಎಲ್ಲ ಬೇರೆ ಬೇರೆ ಅನುಭವ. ಇದರ ಜತೆಗೆ ಮೈಯ ಯಾವ ಭಾಗಕ್ಕೆ ತಾಗಿತು ಎಂಬುದನ್ನೂ ಹೇಳಿ. ‘ನೆಲ ತಣ್ಣಗಿತ್ತು’ ಎಂಬುದಕ್ಕಿಂತ ‘ನೆಲದ ತಂಪು ಹಿಮ್ಮಡಿಯಿಂದ ಏರಿತು’ ಎಂದರೆ ಓದುಗರ ಕಾಲಿಗೂ ತಾಗುತ್ತದೆ.

ರುಚಿ ಊಟದ ದೃಶ್ಯಕ್ಕೆ ಮಾತ್ರ ಮೀಸಲಲ್ಲ. ತುಟಿ ಕಚ್ಚಿಕೊಂಡಾಗ ಕಬ್ಬಿಣದಂಥ ರಕ್ತದ ರುಚಿ, ತುಟಿಯ ಅಂಚಿಗಿಳಿದ ಕಣ್ಣೀರಿನ ಉಪ್ಪು, ನೀರಿಲ್ಲದೆ ನುಂಗಿದ ಮಾತ್ರೆಯ ಕಹಿ, ಹಲ್ಲಿಗೆ ಸಿಕ್ಕಿದ ಮರಳು. ಬಾಯಿಯೊಳಗಿನದು ಅತ್ಯಂತ ಖಾಸಗಿ ಅನುಭವವಾದ್ದರಿಂದ ಒಂದೇ ಒಂದು ಸಲ ಬಂದರೂ ಓದುಗರು ಪಾತ್ರಕ್ಕೆ ತೀರಾ ಹತ್ತಿರವಾಗುತ್ತಾರೆ.

ನೋಟದ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಅದು ಹೇಗೂ ಬರುತ್ತದೆ. ಬೆಳಕನ್ನು ಮಾತ್ರ ಗಮನಿಸಿ. ‘ಬಿಸಿಲಿತ್ತು’ ಎಂದಷ್ಟೇ ಬರೆಯುವ ಬದಲು ಎಳೆಬಿಸಿಲು, ಹೂಬಿಸಿಲು, ಸುಡುಬಿಸಿಲು, ಇಳಿಬಿಸಿಲು ಇವುಗಳಲ್ಲಿ ಒಂದನ್ನು ಆರಿಸಿದರೆ ಹೊತ್ತು, ತಾಪ, ಕೋನ ಮೂರೂ ಒಂದೇ ಪದದಲ್ಲಿ ಬಂದವು.

ನಿಘಂಟು ಈಗ ತೆರೆಯಿರಿ, ಪದ ನೆನಪಿಗೆ ಬಾರದಿದ್ದರೆ ಮಾತ್ರ. ನೀವು ಎಂದೂ ಆಡದ, ಕೇಳದ ಪದವನ್ನು ಅಲ್ಲಿಂದ ಎತ್ತಿ ತಂದರೆ ಅದು ಪ್ಯಾರಾದೊಳಗೆ ಹೊಸ ಚಪ್ಪಲಿಯಂತೆ ಕಚ್ಚುತ್ತದೆ.

ಹಂತ 6: ವಾಕ್ಯ ಕಟ್ಟುವಾಗ ಬೀಳುವ ಮೂರು ಗುಂಡಿ

ಮೊದಲನೆಯದು ‘ಇತ್ತು’. ಎರಡನೇ ಬಣ್ಣದ ಪೆನ್ನಿನಿಂದ ಪ್ಯಾರಾದ ಇತ್ತು, ಇದ್ದವು, ಆಗಿತ್ತು ಎಲ್ಲಕ್ಕೂ ಸುತ್ತು ಹಾಕಿ. ನಮ್ಮ ಮಾದರಿಯ ಐದು ವಾಕ್ಯದಲ್ಲಿ ಮೂರು ಸಿಗುತ್ತವೆ. ಕನ್ನಡದ ವಾಕ್ಯ ಕ್ರಿಯಾಪದದಲ್ಲಿ ಮುಗಿಯುವುದರಿಂದ ಪ್ರತಿ ಸಾಲಿನ ಕೊನೆಗೂ ಅದೇ ಸದ್ದು ಬೀಳುತ್ತದೆ, ದೃಶ್ಯವೂ ಕದಲದೆ ನಿಲ್ಲುತ್ತದೆ. ವಸ್ತುವಿಗೆ ಏನಾದರೂ ಕೆಲಸ ಕೊಡಿ. ‘ಪರದೆ ಇತ್ತು’ ಬದಲು ಪರದೆ ಗಾಳಿಗೆ ಉಬ್ಬಲಿ, ಕಿಟಕಿಯ ಮೊಳೆಗೆ ಸಿಕ್ಕಿ ನಿಲ್ಲಲಿ. ಎಲ್ಲ ‘ಇತ್ತು’ಗಳನ್ನೂ ಓಡಿಸಬೇಕಿಲ್ಲ, ಸಾಲಾಗಿ ಎರಡು ಬರದಂತೆ ನೋಡಿದರೆ ಸಾಕು.

ಎರಡನೆಯದು ನಾಮಪದದ ತಲೆಯ ಮೇಲೆ ಹೊರೆ ಹೊರಿಸುವುದು. ನಮ್ಮ ಭಾಷೆಯಲ್ಲಿ ವಿಶೇಷಣಗಳೆಲ್ಲ ನಾಮಪದಕ್ಕಿಂತ ಮೊದಲು ಬರುತ್ತವೆ. ‘ತುಕ್ಕು ಹಿಡಿದ, ಒಂದು ಬದಿಗೆ ವಾಲಿದ, ಮುಟ್ಟಿದರೆ ಕಿರ್ರೆನ್ನುವ, ಹಸಿರು ಬಣ್ಣ ಉದುರುತ್ತಿದ್ದ ಗೇಟು’ ಎಂದು ಬರೆದರೆ, ಅದು ಗೇಟು ಎಂದು ತಿಳಿಯುವ ತನಕ ಓದುಗರು ನಾಲ್ಕು ಸಾಮಾನನ್ನು ಕೈಯಲ್ಲೇ ಹಿಡಿದುಕೊಂಡಿರಬೇಕು. ಗೇಟನ್ನು ಮೊದಲು ಕೊಡಿ: ‘ಗೇಟು ಒಂದು ಬದಿಗೆ ವಾಲಿತ್ತು. ತಳ್ಳಿದರೆ ಕಿರ್ರೆಂದಿತು, ಅಂಗೈಗೆ ಹಸಿರು ಬಣ್ಣದ ಹಕ್ಕಳೆ ಅಂಟಿತು.’ ನಾಮಪದದ ಮುಂದೆ ಎರಡಕ್ಕಿಂತ ಹೆಚ್ಚು ಬೇಡ.

ಮೂರನೆಯದು ನಡುವೆ ನಿಲ್ಲುವ ದಲ್ಲಾಳಿ: ‘ಅವಳಿಗೆ ಕೇಳಿಸಿತು’, ‘ಅವನಿಗೆ ಕಂಡಿತು’, ‘ನನಗೆ ಅನ್ನಿಸಿತು’, ‘ವಾಸನೆ ಮೂಗಿಗೆ ಬಡಿಯಿತು’. ಯಾರ ಮೈ ಎಂದು ಓದುಗರಿಗೆ ಒಮ್ಮೆ ಗೊತ್ತಾದ ಮೇಲೆ ಈ ಪದಗಳಿಗೆ ಕೆಲಸವಿಲ್ಲ. ‘ಮೆಟ್ಟಿಲ ಮೇಲೆ ಯಾರೋ ನಡೆಯುವ ಸದ್ದು ಅವಳಿಗೆ ಕೇಳಿಸಿತು’ ಎಂಬುದನ್ನು ‘ಮೆಟ್ಟಿಲ ಮೇಲೆ ಹೆಜ್ಜೆ. ಒಂದು, ಎರಡು, ಆಮೇಲೆ ಇಲ್ಲ’ ಎಂದು ನೋಡಿ. ಆದರೆ ಕೇಳಿಸುವುದೇ ಸುದ್ದಿಯಾದಾಗ, ಅಂದರೆ ಕಿವಿ ಮಂದವಾದವರಿಗೆ ಒಂದು ದಿನ ಕೇಳಿಸಿದಾಗ, ಅದನ್ನು ಉಳಿಸಿಕೊಳ್ಳಿ.

ಉಪಮೆಗೂ ಇದೇ ಕಡಿವಾಣ. ‘ಅಂತೆ’, ‘ಹಾಗೆ’ ಪ್ಯಾರಾಕ್ಕೆ ಒಂದು. ಹಾಲಿನಂಥ ಬೆಳದಿಂಗಳು, ಮುತ್ತಿನಂಥ ಹನಿ, ಹಸಿರು ಕಂಬಳಿಯಂಥ ಬಯಲು ಇವುಗಳನ್ನು ಯೋಚಿಸದೆ ಹೊಡೆದುಹಾಕಿ.

ಹಂತ 7: ಮೈಯ ಲೆಕ್ಕ, ಪ್ರಕೃತಿಯ ಲೆಕ್ಕ ಸರಿಯಿದೆಯೇ ನೋಡಿ

ಪದ ಚೆನ್ನಾಗಿದ್ದೂ ವಿವರ ಸುಳ್ಳಾಗಿರಬಹುದು. ಹೆಚ್ಚಾಗಿ ನುಸುಳುವ ತಪ್ಪುಗಳು ಇವು.

ಬೆಳದಿಂಗಳಲ್ಲಿ ಕೆಂಪು ಅಂಗಿ ಹೊಳೆಯುವುದಿಲ್ಲ. ಮಂದ ಬೆಳಕಿನಲ್ಲಿ ಕೆಲಸ ಮಾಡುವ ಕಣ್ಣಿನ ಕೋಶಗಳು ಬಣ್ಣ ಗುರುತಿಸಲಾರವು, ಕೆಂಪಂತೂ ಕಪ್ಪಾಗಿಯೇ ಕಾಣುತ್ತದೆ. ಬಿಸಿಲಿನಿಂದ ಕತ್ತಲ ಕೋಣೆಗೆ ಬಂದವರಿಗೆ ಮೂಲೆಯ ವಸ್ತು ತಕ್ಷಣ ಕಾಣದು. ಕಣ್ಣು ಕತ್ತಲಿಗೆ ಪೂರ್ತಿ ಒಗ್ಗಲು 20ರಿಂದ 30 ನಿಮಿಷ ಬೇಕು.

ಅದೇ ಕೋಣೆಯಲ್ಲಿ ಕೂತವರಿಗೆ ಒಂದು ಗಂಟೆಯ ನಂತರವೂ ಮುಗ್ಗಲು ವಾಸನೆ ಅಷ್ಟೇ ಜೋರಾಗಿ ಬರುವುದಿಲ್ಲ. ಮೂಗು ಕೆಲವೇ ನಿಮಿಷದಲ್ಲಿ ಒಗ್ಗಿಹೋಗುತ್ತದೆ. ಆದ್ದರಿಂದ ವಾಸನೆಯನ್ನು ಒಳಗೆ ಬರುವ ಗಳಿಗೆಯಲ್ಲೇ ಬರೆಯಿರಿ, ಇಲ್ಲವೇ ಹೊರಗಿಂದ ಬಂದ ಇನ್ನೊಬ್ಬರ ಬಾಯಲ್ಲಿ ಹೇಳಿಸಿ.

ಮಿಂಚಿದ ಕೂಡಲೇ ಗುಡುಗಿದರೆ ಸಿಡಿಲು ಹತ್ತಿರವೇ ಬಿದ್ದಿದೆ ಎಂದರ್ಥ. ಸದ್ದು ಒಂದು ಕಿಲೋಮೀಟರ್ ಬರಲು ಸುಮಾರು 3 ಸೆಕೆಂಡ್ ಹಿಡಿಯುತ್ತದೆ. ದೂರದ ಮಳೆ ಎಂದಿದ್ದರೆ ನಡುವೆ ಉಸಿರೆಳೆಯುವಷ್ಟು ಅಂತರ ಬಿಡಿ.

ಮಣ್ಣಿನ ಘಮ ಒಣನೆಲಕ್ಕೆ ಬೀಳುವ ಮೊದಲ ಹನಿಗಳದು. ಈ ಘಮಕ್ಕೆ 1964ರಲ್ಲಿ ಆಸ್ಟ್ರೇಲಿಯದ ಇಬ್ಬರು ವಿಜ್ಞಾನಿಗಳು ‘ಪೆಟ್ರಿಕೋರ್’ ಎಂದು ಹೆಸರಿಟ್ಟರು. ನಾಲ್ಕು ದಿನದಿಂದ ಹಿಡಿದ ಜಡಿಮಳೆಯಲ್ಲಿ ಅದನ್ನು ತರಬೇಡಿ, ಆಗ ಒಣಗದ ಬಟ್ಟೆಯ ಮುಗ್ಗು ಹೆಚ್ಚು ನಿಜ.

ಒಂದೇ ಕೋಣೆಯ ಕಬ್ಬಿಣದ ಸರಳು ಮತ್ತು ಮರದ ಚೌಕಟ್ಟಿನ ಉಷ್ಣತೆ ಒಂದೇ. ಆದರೂ ಕಬ್ಬಿಣ ಕೈಯ ಬಿಸಿಯನ್ನು ಬೇಗ ಎಳೆದುಕೊಳ್ಳುವುದರಿಂದ ಹೆಚ್ಚು ತಣ್ಣಗೆನ್ನಿಸುತ್ತದೆ. ಇನ್ನೊಂದು ಸ್ವಾರಸ್ಯ: ನಮ್ಮ ಚರ್ಮದಲ್ಲಿ ‘ಒದ್ದೆ’ಯನ್ನು ತಿಳಿಯುವ ಪ್ರತ್ಯೇಕ ಗ್ರಾಹಕ, ಅಂದರೆ ಸಂವೇದನೆ ಹಿಡಿಯುವ ನರದ ತುದಿ, ಇಲ್ಲ. ತಂಪು ಮತ್ತು ಒತ್ತಡ ಸೇರಿಸಿ ಮಿದುಳು ಊಹಿಸುತ್ತದೆ. ಹಗ್ಗದ ಮೇಲಿನ ತಣ್ಣನೆ ಬಟ್ಟೆ ಒಣಗಿದೆಯೋ ಇಲ್ಲವೋ ಎಂದು ಬೆರಳು ಗೊಂದಲಕ್ಕೀಡಾಗುವುದು ಇದಕ್ಕೇ. ಆ ಗೊಂದಲವನ್ನೇ ಬರೆದರೆ ಒಳ್ಳೆಯ ವಾಕ್ಯವಾದೀತು.

ಹಂತ 8: ಗಟ್ಟಿಯಾಗಿ ಓದಿ, ಒಂದನ್ನು ಕಳೆಯಿರಿ

ಪ್ಯಾರಾವನ್ನು ಬಾಯಿಬಿಟ್ಟು ಓದಿ. ಉಸಿರು ಕಟ್ಟುವ ಕಡೆ ವಾಕ್ಯ ಉದ್ದವಾಗಿದೆ, ನಾಲಿಗೆ ಓಡುವ ಕಡೆ ವಿವರ ಸಪ್ಪೆಯಾಗಿದೆ. ನಂತರ ನಿಮಗೆ ಅತಿ ಹೆಮ್ಮೆ ತಂದ ವಿವರವನ್ನು ಅಳಿಸಿ ಮತ್ತೊಮ್ಮೆ ಓದಿ. ಪ್ಯಾರಾ ಕುಂಟಿದರೆ ಅದನ್ನು ವಾಪಸು ಇಡಿ. ಕುಂಟದಿದ್ದರೆ ಅದು ಮೆರವಣಿಗೆಗೆ ಬಂದಿತ್ತು, ಕೆಲಸಕ್ಕಲ್ಲ.

ಎಲ್ಲ ಕಡೆಯೂ ಇಷ್ಟು ಕೆಲಸ ಬೇಡ. ಪಾತ್ರ ಓಡುತ್ತಿರುವಾಗ, ಜಗಳ ಕಾವೇರಿದಾಗ, ಬರೀ ಊರಿಂದೂರಿಗೆ ಹೋಗಬೇಕಾದಾಗ ಒಂದು ವಿವರ ಸಾಕು, ಕೆಲವು ಸಲ ಅದೂ ಬೇಡ. ಹೊಸ ಜಾಗಕ್ಕೆ ಕಾಲಿಡುವಾಗ, ಯಾರೋ ಏನನ್ನೋ ಬಚ್ಚಿಡುವಾಗ, ನಿರ್ಧಾರಕ್ಕೆ ಮುಂಚಿನ ಗಳಿಗೆಯಲ್ಲಿ ನಿಧಾನಿಸಿ.

ಮಾದರಿ ಪ್ಯಾರಾ ಈ ಎಲ್ಲ ಹಂತ ದಾಟಿದ ಮೇಲೆ ಹೀಗಾಗಬಹುದು:

‘ಕೀಲಿ ಎರಡು ಸಲ ಜಾರಿತು. ಮೂರನೆಯ ಸಲಕ್ಕೆ ಬೀಗ ಬಿಟ್ಟುಕೊಂಡಿತು. ಬಾಗಿಲು ಅರ್ಧಕ್ಕೆ ಬಂದು ನೆಲಕ್ಕೆ ಉಜ್ಜಿ ನಿಂತಿತು, ಮಳೆಗಾಲ ಮುಗಿದಾಗಲೆಲ್ಲ ನಿಲ್ಲುತ್ತಿದ್ದ ಜಾಗದಲ್ಲೇ. ಒಳಗಿನ ಗಾಳಿ ಹೊರಗಿಗಿಂತ ತಣ್ಣಗೆ. ಅದರ ತುಂಬ ಮುಗ್ಗು, ಮುಗ್ಗಿನ ಅಡಿಯಲ್ಲೆಲ್ಲೋ ಇನ್ನೂ ಆರದ ನೋವಿನೆಣ್ಣೆಯ ಘಾಟು. ಕತ್ತಲಲ್ಲೇ ಅವಳ ಕೈ ಗೋಡೆಗೆ ಹೋಯಿತು, ತಡಕಲಿಲ್ಲ. ಸ್ವಿಚ್ಚು ಬೆರಳಿನ ಕೆಳಗೇ ಇತ್ತು. ಒತ್ತಿದಳು. ಟಿಕ್. ಬೆಳಕು ಬರಲಿಲ್ಲ.’

ದುಃಖ ಎಂಬ ಪದ ಹೋಗಿದೆ. ಧೂಳು, ನಿಶ್ಶಬ್ದ ಎರಡೂ ಹೋಗಿವೆ. ನೋವಿನೆಣ್ಣೆ ಅಪ್ಪನದು ಎಂದು ಹೇಳಿಲ್ಲ, ಹೇಳುವ ಅಗತ್ಯವೂ ಬೀಳಲಿಲ್ಲ. ‘ತಡಕಲಿಲ್ಲ’ ಎಂಬ ಒಂದೇ ಕ್ರಿಯಾಪದ ಅವಳು ಈ ಮನೆಯಲ್ಲೇ ಬೆಳೆದವಳು ಎನ್ನುತ್ತದೆ. ಉಳಿಸಿಕೊಂಡ ಒಂದು ‘ಇತ್ತು’ ಸ್ವಿಚ್ಚಿನದು, ಮನೆಯಲ್ಲಿ ಬದಲಾಗದೆ ಉಳಿದ ವಸ್ತು ಅದು. ‘ಟಿಕ್’ ಮಾತ್ರ ಬೇಕೋ ಬೇಡವೋ ಎಂಬ ಅನುಮಾನ ಇನ್ನೂ ಇದೆ. ಅದನ್ನು ತೆಗೆದು ಗಟ್ಟಿಯಾಗಿ ಓದಿ ನೀವೇ ತೀರ್ಮಾನಿಸಿ.